ಬಯಾಪ್ಸಿ: ಒಂದು ಚೂರು ಹೇಳುವುದೆಷ್ಟು?

‘ಗಂಟಿಗೆ ಕತ್ತರಿ ಹಾಕಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ.’ ಬಯಾಪ್ಸಿ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಮಾತಿದು. ಈ ಭಯಕ್ಕೆ ತಿಂಗಳುಗಟ್ಟಲೆ ಕಳೆದು, ಗಂಟು ಬಲಿತ ಮೇಲೆ ಆಸ್ಪತ್ರೆಯ ಮೆಟ್ಟಿಲು ಹತ್ತುವವರನ್ನು ನೆನೆದರೆ ಸಂಕಟವಾಗುತ್ತದೆ. ಚೂರು ತೆಗೆದು ನೋಡುವ ಈ ವಿದ್ಯೆ ಎಲ್ಲಿ ಎಡವಿತು, ಹೇಗೆ ಸುಧಾರಿಸಿತು ಎಂಬುದು ತಿಳಿದರೆ ಭಯ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದೂ ತಿಳಿಯುತ್ತದೆ.

ರೋಗ ಇರುವುದು ಜೀವಕೋಶದಲ್ಲಿ ಎಂದು ಬರ್ಲಿನ್ನಿನ ರುಡಾಲ್ಫ್ ವಿರ್ಚೋ 1858ರಲ್ಲಿ ಸಾರಿದರು. ಅದೇ ಊರಿನಲ್ಲಿ ಕಾರ್ಲ್ ರೂಗೆ ಮತ್ತು ಯೋಹಾನ್ ಫೈಟ್ 1870ರ ದಶಕದಲ್ಲಿ ಗರ್ಭಕೊರಳಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪದ್ಧತಿ ಬೆಳೆಸಿದರು. 1879ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬೆಸ್ನಿಯೆ ಇದಕ್ಕೆ ಬಯಾಪ್ಸಿ ಎಂದು ಹೆಸರಿಟ್ಟರು.

ಈ ವಿದ್ಯೆಯ ದೊಡ್ಡ ಪಾಠ ಬಂದದ್ದು ಅರಮನೆಯಿಂದ. 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡ್ರಿಕ್‌ನ ದನಿ ಒಡೆಯಿತು. ಕ್ಯಾನ್ಸರ್ ಎಂದೇ ನಂಬಿದ ಜರ್ಮನ್ ಶಸ್ತ್ರವೈದ್ಯರು ಗಂಟಲು ತೆರೆಯಲು ಸಿದ್ಧರಾಗಿದ್ದರು. ಇಂಗ್ಲೆಂಡಿನಿಂದ ಬಂದ ಗಂಟಲು ವೈದ್ಯ ಮೊರೆಲ್ ಮೆಕೆಂಜಿ, ಮೊದಲು ಚೂರು ನೋಡೋಣ ಎಂದು ಬಾಯಿಯ ಮೂಲಕ ಚಿಮಟ ಇಳಿಸಿ ಸಣ್ಣ ತುಣುಕು ಕಿತ್ತರು. ವಿರ್ಚೋ ಅವರೇ ನೋಡಿದರು. ಅದರಲ್ಲಿ ಕ್ಯಾನ್ಸರ್ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು. ಮರುವರ್ಷ ಪಟ್ಟಕ್ಕೇರಿದ ಫ್ರೆಡ್ರಿಕ್ 99 ದಿನ ಆಳಿ ಅದೇ ಗಂಟಲ ಕ್ಯಾನ್ಸರ್‌ನಿಂದ ತೀರಿಕೊಂಡ. ಚೂರಿನಲ್ಲಿ ಇಲ್ಲದ್ದು ಗಂಟಿನಲ್ಲೂ ಇಲ್ಲ ಎಂದುಕೊಳ್ಳುವಂತಿಲ್ಲ. ಇಂದಿಗೂ ವೈದ್ಯರು ಒಮ್ಮೊಮ್ಮೆ ಮತ್ತೆ ಬಯಾಪ್ಸಿ ಮಾಡೋಣ ಎನ್ನುವುದು ಅದಕ್ಕೇ.

ಮುಂದಿನ ತೊಡಕು ಸಮಯದ್ದು. ರೋಗಿ ಮೇಜಿನ ಮೇಲಿರುವಾಗಲೇ ಉತ್ತರ ಬೇಕು ಎಂದು ಶಸ್ತ್ರವೈದ್ಯ ವಿಲಿಯಂ ಮೇಯೊ ತಮ್ಮ ಆಸ್ಪತ್ರೆಯ ರೋಗತಜ್ಞ ಲೂಯಿಸ್ ವಿಲ್ಸನ್‌ಗೆ ಹೇಳಿದರು. 1905ರ ಚಳಿಗಾಲ. ಅಮೆರಿಕದ ರಾಚೆಸ್ಟರ್‌ನಲ್ಲಿ ನೀರು ಕಲ್ಲಾಗುವಷ್ಟು ಚಳಿ. ವಿಲ್ಸನ್ ಚೂರನ್ನು ಕಿಟಕಿಯಾಚೆ ಇಟ್ಟು ಹೆಪ್ಪುಗಟ್ಟಿಸಿ, ತೆಳ್ಳಗೆ ಕೊಯ್ದು, ಮೆಥಿಲೀನ್ ನೀಲಿಯಲ್ಲಿ ಅದ್ದಿ ನೋಡಿದರು. ಇಂದಿನ ‘ಫ್ರೋಜನ್ ಸೆಕ್ಷನ್’ ಪರೀಕ್ಷೆ ಹೀಗೆ ಆಪರೇಷನ್ ಕೋಣೆಗೆ ಬಂತು.

ಆದರೆ ಈ ವೇಗವೇ ಹೆಂಗಸರಿಗೆ ಮುಳುವಾಯಿತು. ಸ್ತನದ ಗಂಟು ಕ್ಯಾನ್ಸರೆಂದು ಗೊತ್ತಾದ ಗಳಿಗೆಯಲ್ಲೇ, ಅದೇ ಅರಿವಳಿಕೆಯಲ್ಲಿ ಇಡೀ ಸ್ತನ ತೆಗೆಯುವುದು ದಶಕಗಳ ಕಾಲ ರೂಢಿಯಾಗಿತ್ತು. ಎಚ್ಚರವಾದಾಗ ಸ್ತನ ಇರುತ್ತದೋ ಇಲ್ಲವೋ ಎಂದು ತಿಳಿಯದೆಯೇ ಆಕೆ ಕಣ್ಣು ಮುಚ್ಚಬೇಕಿತ್ತು. 1974ರಲ್ಲಿ ತಾವೇ ರೋಗಿಯಾದ ಪತ್ರಕರ್ತೆ ರೋಸ್ ಕುಶ್ನರ್ ಇದಕ್ಕೆ ಎದುರು ನಿಂತರು. ಮೊದಲು ಚೂರು, ಆಮೇಲೆ ಮಾತುಕತೆ, ಆಮೇಲೆ ಚಿಕಿತ್ಸೆ ಎಂಬುದು ಅವರ ಹಟ. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಭೆ ಅದನ್ನೇ ಎತ್ತಿಹಿಡಿಯಿತು. ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ಹೆಜ್ಜೆ ಇದು. ಇಟ್ಟದ್ದು ಒಬ್ಬ ರೋಗಿ.

ಈ ನಡುವೆ ಗಂಟಿನಿಂದ ಕೋಶಗಳನ್ನು ಹೀರಿ ತೆಗೆಯುವ ಸೂಜಿ ಬಂತು. 1930ರಲ್ಲಿ ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಅದನ್ನು ಪ್ರಚುರಪಡಿಸಿದರು, ಮುಂದೆ ಸ್ವೀಡನ್ನಿನವರು ತಿದ್ದಿ ಬೆಳೆಸಿದರು. ಈಗ ಹೆಚ್ಚಿನ ಗಂಟುಗಳಿಗೆ ಸೂಜಿಯೇ ಸಾಕು. ಸೂಜಿಯಿಂದ ಉತ್ತರ ಸಿಗದಾಗ ಶಸ್ತ್ರಬಯಾಪ್ಸಿ: ದೊಡ್ಡ ಗಡ್ಡೆಯಾದರೆ ಒಂದು ಹೋಳು, ಸಣ್ಣದಾದರೆ ಪೂರ್ತಿ. ಲಿಂಫೋಮಾ ಎಂಬ ಕ್ಯಾನ್ಸರ್‌ನ ಶಂಕೆಯಿದ್ದರೆ ದುಗ್ಧಗ್ರಂಥಿಯನ್ನು ಇಡಿಯಾಗಿ ತೆಗೆಯುವುದು ಮೇಲು. ಕೋಶಗಳಷ್ಟೇ ಅಲ್ಲ, ಅವು ಜೋಡಣೆಯಾದ ಬಗೆಯೂ ಕಾಣಬೇಕು.

ಇನ್ನು ಹರಡುವ ಭಯ. ಸ್ತನ, ಬಾಯಿಯಂಥ ಸಾಮಾನ್ಯ ಕ್ಯಾನ್ಸರ್‌ಗಳಲ್ಲಿ ಸರಿಯಾಗಿ ಮಾಡಿದ ಬಯಾಪ್ಸಿಯಿಂದ ರೋಗ ಉಲ್ಬಣಿಸುವುದಿಲ್ಲ, ತಡಮಾಡಿದರೆ ಉಲ್ಬಣಿಸುತ್ತದೆ. ಆದರೆ ಎಚ್ಚರ ಬೇಕಾದ ಕಡೆಗಳಿವೆ. ವೃಷಣದ ಗಡ್ಡೆಗೆ ಚೀಲದ ಮೂಲಕ ಸೂಜಿ ಚುಚ್ಚುವುದಿಲ್ಲ. ಮೂಳೆ, ಸ್ನಾಯುಗಳ ಸಾರ್ಕೋಮಾದಲ್ಲಿ ಚೂರು ತೆಗೆದ ದಾರಿಯನ್ನೂ ಮುಂದಿನ ಆಪರೇಷನ್ನಿನಲ್ಲಿ ಕತ್ತರಿಸಿ ತೆಗೆಯುವ ಹಾಗೆ ಗಾಯದ ಗೆರೆ ಇರಬೇಕು. 1982ರಲ್ಲಿ ಹೆನ್ರಿ ಮ್ಯಾಂಕಿನ್ ಮತ್ತು ಸಂಗಡಿಗರು ಇಂಥ 329 ರೋಗಿಗಳ ಲೆಕ್ಕ ತೆಗೆದಾಗ, ಬಯಾಪ್ಸಿಯ ಎಡವಟ್ಟಿನಿಂದ ನೂರಕ್ಕೆ 4.5 ಮಂದಿ ಅನಗತ್ಯವಾಗಿ ಕೈಯೋ ಕಾಲೋ ಕಳೆದುಕೊಂಡಿದ್ದರು. ಇಂಥ ಗಡ್ಡೆಗೆ ಚಿಕಿತ್ಸೆ ನೀಡುವ ತಂಡವೇ ಬಯಾಪ್ಸಿಯನ್ನೂ ಮಾಡಬೇಕು.

ತೆಗೆದ ಚೂರು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿ, ಪ್ಯಾರಾಫಿನ್ ಮೇಣದ ಪುಟ್ಟ ಇಟ್ಟಿಗೆಯೊಳಗೆ ಕೂರುತ್ತದೆ. ಅದರಿಂದ ಕೂದಲೆಳೆಗಿಂತ ತೆಳುವಾದ ಪದರ ಕೊಯ್ದು ಬೆಚ್ಚನೆ ನೀರಿನಲ್ಲಿ ತೇಲಿಸಿ ಗಾಜಿಗೆ ಹಿಡಿಯುತ್ತಾರೆ. ಬಣ್ಣ ಕೊಟ್ಟರೆ ಕೋಶಕೇಂದ್ರ ನೀಲಿ, ಸುತ್ತಲಿನದು ಗುಲಾಬಿ. ಸ್ತನ ಕ್ಯಾನ್ಸರ್‌ನಲ್ಲಿ ಹಾರ್ಮೋನ್ ಮಾತ್ರೆ ಹಿಡಿಯುತ್ತದೆಯೇ, 1998ರಲ್ಲಿ ಬಂದ ಟ್ರಾಸ್ಟುಜುಮ್ಯಾಬ್ ಎಂಬ ಮದ್ದು ಹಿಡಿಯುತ್ತದೆಯೇ ಎಂಬುದನ್ನೂ ಇದೇ ಇಟ್ಟಿಗೆ ಹೇಳುತ್ತದೆ.

ಆ ಇಟ್ಟಿಗೆ ವರ್ಷಗಟ್ಟಲೆ ಕೆಡುವುದಿಲ್ಲ. ಊರಿನ ಆಸ್ಪತ್ರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಲ್ಲಿಗೋ ಹೊರಟರೆ ವರದಿಯ ಹಾಳೆಯಷ್ಟೇ ಹಿಡಿದು ಹೊರಡಬೇಡಿ. ಬ್ಲಾಕ್ (ಆ ಮೇಣದ ಇಟ್ಟಿಗೆ) ಮತ್ತು ಗಾಜಿನ ಸ್ಲೈಡುಗಳನ್ನು ಕೇಳಿ ಪಡೆಯಿರಿ. ಎಷ್ಟೋ ವೇಳೆ ಇನ್ನೊಬ್ಬ ತಜ್ಞರ ಅಭಿಪ್ರಾಯಕ್ಕೆ ಇನ್ನೊಂದು ಗಾಯ ಬೇಕಾಗುವುದಿಲ್ಲ.