ಬಿಡುಗಡೆ ಟಿಪ್ಪಣಿ

ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಏನು ಸೇರಿದೆ, ಏನು ಬದಲಾಗಿದೆ, ಯಾವುದನ್ನು ಕೈಬಿಡಲಾಗಿದೆ ಎಂದು ತಯಾರಕರೇ ತಿಳಿಸುವ ದಾಖಲೆ. ರಿಲೀಸ್ ನೋಟ್ಸ್ ಎಂಬ ಹೆಸರೇ ಹೆಚ್ಚು ರೂಢಿಯಲ್ಲಿದೆ. ಅಪ್‌ಗ್ರೇಡ್ ಮಾಡಿದರೆ ಈಗಿರುವ ವ್ಯವಸ್ಥೆ ಎಲ್ಲಿ ಕೈಕೊಡಬಹುದು ಎಂಬ ಮುನ್ನೆಚ್ಚರಿಕೆಯೂ ಇದರಲ್ಲಿರುತ್ತದೆ.

ತಂತ್ರಾಂಶದೊಂದಿಗೆ ವಿವರಣೆಯ ಕಡತವನ್ನೂ ಕೊಡುವ ರೂಢಿ ಹಳೆಯದು. 1970ರ ದಶಕದಲ್ಲಿ ಪಿಡಿಪಿ-10 ಕಂಪ್ಯೂಟರುಗಳ ಬಳಕೆದಾರರು ಹಂಚಿಕೊಳ್ಳುತ್ತಿದ್ದ ಪ್ರೋಗ್ರಾಮುಗಳೊಂದಿಗೆ ರೀಡ್‌ಮೀ ಎಂಬ ಕಡತ ಬರುತ್ತಿದ್ದುದುಂಟು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಕೋಡಿಂಗ್ ನಿಯಮಾವಳಿ ಬದಲಾವಣೆಯ ವಿವರವನ್ನು ಎರಡಾಗಿ ಹಂಚಿತು. ಕೋಡಿನ ತಿದ್ದುಪಡಿಗಳ ದಾಖಲೆ ಚೇಂಜ್‌ಲಾಗ್. ಬಳಸುವವರ ಅನುಭವಕ್ಕೆ ಬರುವ ಬದಲಾವಣೆಗಳಿಗೆ ನ್ಯೂಸ್ ಎಂಬ ಕಡತ. ಹೊಸ ಸಂಗತಿಯನ್ನು ಮೇಲೆ ಬರೆಯಬೇಕು, ಹಳೆಯದನ್ನು ಅಳಿಸಬಾರದು ಎಂದೂ ನಿಯಮವಿದೆ. ಎಷ್ಟೇ ಹಿಂದಿನ ಆವೃತ್ತಿಯಿಂದ ಬಂದವರಿಗೂ ನಡುವೆ ಆದದ್ದೆಲ್ಲ ಒಂದೇ ಕಡೆ ಸಿಗಲಿ ಎಂಬುದು ಇದರ ಉದ್ದೇಶ.

ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂತ್ರಾಂಶದ ಮುಖ್ಯ ಆವೃತ್ತಿಗಳ ಟಿಪ್ಪಣಿಯಲ್ಲಿ ಹಳೆಯದರಿಂದ ಹೊಸದಕ್ಕೆ ಬರುವವರಿಗೆಂದೇ ಒಂದು ಭಾಗವಿರುತ್ತದೆ. 2019ರ ಅಕ್ಟೋಬರಿನಲ್ಲಿ ಹೊರಬಂದ 12ನೆಯ ಆವೃತ್ತಿ ರಿಕವರಿ.ಕಾನ್ಫ್ ಕಡತವನ್ನು ಕೈಬಿಟ್ಟು, ಅದರ ಸೆಟ್ಟಿಂಗುಗಳನ್ನು ಮುಖ್ಯ ಕಾನ್ಫಿಗರೇಶನ್ ಕಡತಕ್ಕೆ ಸೇರಿಸಿತು. ಹಳೆಯ ಕಡತ ಉಳಿದುಕೊಂಡಿದ್ದರೆ ಸರ್ವರ್ ಶುರುವಾಗುವುದೇ ಇಲ್ಲ ಎಂಬ ಮಾತು ಆ ಭಾಗದಲ್ಲಿಯೇ ಇದೆ.

ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಲಿನಕ್ಸ್‌ನಲ್ಲಿ ಟಿಪ್ಪಣಿ ಒಂದು ಕೈಪಿಡಿಯಾಗಿಯೇ ಬೆಳೆದಿದೆ. ಬ್ಯಾಕಪ್ ತೆಗೆದಿಡಿ, ಬಳಕೆದಾರರಿಗೆ ಮೊದಲೇ ತಿಳಿಸಿ ಎಂಬಲ್ಲಿಂದ ಹಿಡಿದು ಅಪ್‌ಗ್ರೇಡಿನ ಒಂದೊಂದು ಹೆಜ್ಜೆಯೂ ಅದರಲ್ಲಿದೆ. ಗೊತ್ತಿರುವ ತೊಡಕುಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಸಾಮಾನ್ಯವಾಗಿ, ತಂತ್ರಾಂಶವನ್ನು ಎಲ್ಲಿಂದ ತರಬೇಕೆಂದು ಸೂಚಿಸುವ ಸೋರ್ಸಸ್.ಲಿಸ್ಟ್ ಕಡತದಲ್ಲಿ ಹಳೆಯ ಆವೃತ್ತಿಯ ಹೆಸರನ್ನು ತೆಗೆದು ಹೊಸದನ್ನು ಹಾಕಿದರೆ ಸಾಕಾಗುತ್ತಿತ್ತು. 2021ರ ಆಗಸ್ಟಿನಲ್ಲಿ ಬಂದ ಡೆಬಿಯನ್ 11ರಲ್ಲಿ ಭದ್ರತಾ ಅಪ್‌ಡೇಟ್‌ಗಳ ಸಾಲಿನ ರೂಪವೇ ಬದಲಾಯಿತು: 'ಬಸ್ಟರ್/ಅಪ್‌ಡೇಟ್ಸ್' ಇದ್ದಲ್ಲಿ 'ಬುಲ್ಸ್‌ಐ-ಸೆಕ್ಯುರಿಟಿ' ಬಂತು. ಬಸ್ಟರ್ 10ನೆಯ ಆವೃತ್ತಿಯ, ಬುಲ್ಸ್‌ಐ 11ನೆಯದರ ಹೆಸರು; ಹೆಸರನ್ನಷ್ಟೇ ಬದಲಿಸಿದರೆ ಆ ಸಾಲು ಕೆಲಸ ಮಾಡದು. 2023ರ ಜೂನಿನ ಡೆಬಿಯನ್ 12ರಲ್ಲಿ ಮುಕ್ತವಲ್ಲದ ಫರ್ಮ್‌ವೇರ್‌ಗೆ ಬೇರೆಯೇ ವಿಭಾಗವಾಯಿತು. ಅದನ್ನು ಬಳಸುವವರು ಆ ವಿಭಾಗದ ಹೆಸರನ್ನು ಅದೇ ಕಡತಕ್ಕೆ ಸೇರಿಸಬೇಕಾಯಿತು.

ಓದುವ ಕೆಲಸ ತಪ್ಪಿಹೋಗದಂತೆ ನೆರವಾಗುವ ಆಪ್ಟ್-ಲಿಸ್ಟ್‌ಚೇಂಜಸ್ ಎಂಬ ಸಾಧನವೂ ಡೆಬಿಯನ್‌ನಲ್ಲಿದೆ. ಪ್ಯಾಕೇಜುಗಳು ಇನ್‌ಸ್ಟಾಲ್ ಆಗುವ ಮುನ್ನವೇ ಅವುಗಳ ಮುಖ್ಯ ಬದಲಾವಣೆಗಳನ್ನು ಅದು ಪರದೆಯ ಮೇಲೆ ತೋರಿಸುತ್ತದೆ. ನಡುವಿನ ಆವೃತ್ತಿಯನ್ನು ಹಾರಿ ಹೋಗಲು ಡೆಬಿಯನ್‌ನಲ್ಲಿ ಅಧಿಕೃತ ಬೆಂಬಲವಿಲ್ಲ. 10ರಿಂದ 12ಕ್ಕೆ ಹೋಗಬೇಕಾದವರು 11ನ್ನು ಹಾದೇ ಹೋಗಬೇಕು. ಓದಬೇಕಾದ ಟಿಪ್ಪಣಿಗಳೂ ಎರಡು.