ಪೋಡಿನ ಮದ್ದು, ಗುಂಬಳ್ಳಿಯ ಆಸ್ಪತ್ರೆ

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ರೋಗರುಜಿನದ ಮಾತುಕತೆ ಬಹುಕಾಲ ಪೋಡಿನೊಳಗೇ, ಅಂದರೆ ಅವರ ಹಾಡಿಯೊಳಗೇ, ಮುಗಿಯುತ್ತಿತ್ತು. ಬೇರು, ತೊಗಟೆ, ಸೊಪ್ಪು ಬಲ್ಲ ಹಿರಿಯರು ಮದ್ದು ಅರೆದು ಕೊಡುತ್ತಿದ್ದರು; ಹೆಂಗಸರು ಕುಕ್ಕರುಗಾಲಿನಲ್ಲಿ ಕೂತು ಹೆರುತ್ತಿದ್ದರು. ಹಾವು ಕಚ್ಚಿದಾಗ, ಕರಡಿ ಮೈಮೇಲೆ ಬಿದ್ದಾಗ ಮಾತ್ರ ಈ ಅರಿವು ಸಾಲದೆ ಬರುತ್ತಿತ್ತು. ಆಸ್ಪತ್ರೆಗಳಿದ್ದದ್ದು ಬೆಟ್ಟದ ಕೆಳಗೆ.

ಡಾ. ಎಚ್. ಸುದರ್ಶನ್ 1981ರಲ್ಲಿ ಬೆಟ್ಟದಲ್ಲೇ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಕೇಂದ್ರವು ಹಳೆಯ ಪದ್ಧತಿಯನ್ನು ತಳ್ಳಿಹಾಕಲಿಲ್ಲ. ಕೂತು ಹೆರುವ ರೂಢಿಯನ್ನು ಉಳಿಸಿಕೊಂಡು, ಸೂಲಗಿತ್ತಿಯರಿಗೆ ಶುಚಿತ್ವದ ತರಬೇತಿ ಕೊಟ್ಟಿತು. ಜಾಣತನ ಇದ್ದದ್ದೇ ಇಲ್ಲಿ. ಮಲಗಿಸಿ ಹೆರಿಗೆ ಮಾಡಿಸುವ ಹಟ ಹಿಡಿದಿದ್ದರೆ ಪೋಡಿನ ಬಾಗಿಲು ತೆರೆಯುವುದು ಕಷ್ಟವಿತ್ತು. ವಂಶಪಾರಂಪರ್ಯವಾಗಿ ಬರುವ ಕುಡಗೋಲು ಕಣದ ರಕ್ತಹೀನತೆಯೂ ಸೋಲಿಗರಲ್ಲಿ ಪತ್ತೆಯಾಯಿತು.

ಬಯಲಿನ ಸಂಕಟ ಬೇರೆಯದು. ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿತ್ತು. ಅದನ್ನು ಎದುರಿಸಲೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. ಮೈಮೇಲೆ ಸ್ಪರ್ಶವಿಲ್ಲದ ಬಿಳಿಚು ಮಚ್ಚೆ ಕಂಡರೂ ಜನ ಬಹಿಷ್ಕಾರಕ್ಕೆ ಹೆದರಿ ಮುಚ್ಚಿಡುವ ಕಾಯಿಲೆಯಿದು; ಮಾತ್ರೆಯಷ್ಟೇ ಮನೆಮನೆಯ ಮಾತೂ ಬೇಕಾಗುತ್ತದೆ. 1996ರಲ್ಲಿ ಸರ್ಕಾರ ಅದೇ ತಾಲ್ಲೂಕಿನ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಇದೇ ಟ್ರಸ್ಟಿಗೆ ವಹಿಸಿತು.

ಹನೂರು ಕಡೆಯವರಿಗೆ ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆ ಆಸರೆಯಾಯಿತು. ದೊಡ್ಡ ಕಾಯಿಲೆಗೆ ಕೊಳ್ಳೇಗಾಲದವರೂ ಮೈಸೂರಿನ ಕೆ.ಆರ್. ಆಸ್ಪತ್ರೆಯ ದಾರಿ ಹಿಡಿಯುತ್ತಿದ್ದರು. 1997ರಲ್ಲಿ ಈ ಭಾಗವನ್ನು ಒಳಗೊಂಡ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದರೂ ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ.