ಪ್ಯಾರೀಸ್ ಕಾರ್ನರಿನಿಂದ ಗಿಂಡಿಗೆ: ಚರ್ಮದೊಳಗಿನ ಮೂರೆಳೆ ಹುರಿ

ಬಸ್ಸಿನಲ್ಲಿ ಮದ್ರಾಸಿಗೆ ಬರುತ್ತಿದ್ದ ಹಿಂದಿನ ತಲೆಮಾರಿನ ಕನ್ನಡಿಗರಿಗೆ ಈ ಊರಿನ ಮೊದಲ ಗುರುತು ಪ್ಯಾರೀಸ್ ಕಾರ್ನರ್. 2002ರಲ್ಲಿ ಕೋಯಂಬೇಡಿನ ನಿಲ್ದಾಣ ತೆರೆಯುವವರೆಗೂ ಪರಊರಿನ ಬಸ್ಸುಗಳು ಇಲ್ಲೇ, ಹೈಕೋರ್ಟಿನ ಆಸುಪಾಸಿನಲ್ಲೇ ನಿಲ್ಲುತ್ತಿದ್ದವು. ಹೆಸರಿಗೂ ಫ್ರಾನ್ಸಿನ ಪ್ಯಾರಿಸ್ಸಿಗೂ ಸಂಬಂಧವಿಲ್ಲ. ಅದು 1788ರಲ್ಲಿ ಇಲ್ಲಿ ವ್ಯಾಪಾರಕ್ಕಿಳಿದ ವೇಲ್ಸಿನ ಥಾಮಸ್ ಪ್ಯಾರಿಯದು. ಮೂಲೆಯಲ್ಲಿ ನಿಂತಿರುವ ಡೇರ್ ಹೌಸ್ 1940ರ ಕಟ್ಟಡ. ಪ್ಯಾರಿ ಎಂದರೆ ಸಕ್ಕರೆ, ಮಿಠಾಯಿ ಎಂದಷ್ಟೇ ನಮಗೆ ಗೊತ್ತು. ಆದರೆ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆತ ಸ್ಯಾಂಥೋಮಿನಲ್ಲಿ ಚರ್ಮ ಹದ ಮಾಡುವ ಕಾರ್ಖಾನೆಯನ್ನೂ ಇಟ್ಟಿದ್ದ. ನಾನು ಹೇಳಹೊರಟಿರುವ ಕತೆಗೆ ಆ ಚರ್ಮವೇ ಮುಖ್ಯ.

ಹಸಿ ತೊಗಲು ಎಂದರೆ ಬಹುಪಾಲು ಕೊಲಾಜೆನ್ ಎಂಬ ಪ್ರೋಟೀನು. ನಮ್ಮ ಮೈಯ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಭಾಗವೂ ಅದೇ: ಚರ್ಮ, ಮೂಳೆ, ಸ್ನಾಯುರಜ್ಜು, ರಕ್ತನಾಳದ ಗೋಡೆ. ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ. ತಂಗಡಿ ತೊಗಟೆಯ ಒಗರು ನೀರಿನಲ್ಲಿ ನೆನೆಹಾಕಿದರೆ ಅದರ ಟ್ಯಾನಿನ್ನು ಕೊಲಾಜೆನ್ ಎಳೆಗಳ ನಡುವೆ ಹೊಕ್ಕು ಅಂಟಿಕೊಳ್ಳುತ್ತದೆ, ತೊಗಲು ಚರ್ಮವಾಗುತ್ತದೆ. ಮದ್ರಾಸಿನ ಈ ಹದ ‘ಈಸ್ಟ್ ಇಂಡಿಯಾ’ ಹೆಸರಿನಲ್ಲಿ ಲಂಡನ್ನಿನ ಮಾರುಕಟ್ಟೆಯಲ್ಲಿ ಹೆಸರು ಮಾಡಿತ್ತು. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಕ್ರೋಮಿಯಂ ಲವಣದ ಹದವನ್ನು ಇಲ್ಲಿ ನೆಲೆಗೊಳಿಸಲು ದುಡಿದವರು ಆಲ್‌ಫ್ರೆಡ್ ಚಾಟರ್ಟನ್. ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ಬಂದು ಗಂಧದೆಣ್ಣೆ ಕಾರ್ಖಾನೆಗೆ ಕೈಹಾಕಿದವರೂ ಇವರೇ. ಬೆಂಗಳೂರು ರೈಲಿನಲ್ಲಿ ವಾಣಿಯಂಬಾಡಿ, ಆಂಬೂರು ದಾಟುವಾಗ ಮೂಗಿಗೆ ಬಡಿಯುವುದು ಆ ಉದ್ಯಮದ ವಾಸನೆ. ಆ ತೊಟ್ಟಿಗಳಲ್ಲಿ ಇಳಿದು ದುಡಿದವರು ಹೆಚ್ಚಾಗಿ ದಲಿತರು. ಚಪ್ಪಲಿ ಬೇಕಿದ್ದ ಊರಿಗೆ ಅದನ್ನು ಮಾಡಿದ ಕೈ ಬೇಕಿರಲಿಲ್ಲ ಎನ್ನುವುದನ್ನು ಮರೆತು ಈ ಇತಿಹಾಸ ಬರೆಯಲಾಗದು.

ಇಷ್ಟು ದೊಡ್ಡ ಉದ್ಯಮಕ್ಕೆ ಒಂದು ವಿಜ್ಞಾನ ಸಂಸ್ಥೆ ಬೇಕೆಂದು 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾಲಯ ಮದ್ರಾಸಿನಲ್ಲಿ ಹುಟ್ಟಿತು. ಮುಂದೆ ಅದನ್ನು ಬೆಳೆಸಿದವರು ವೈ. ನಾಯುಡಮ್ಮ. 1985ರಲ್ಲಿ ಬಾಂಬಿಗೆ ಸಿಕ್ಕಿ ಸಮುದ್ರಕ್ಕೆ ಬಿದ್ದ ಕನಿಷ್ಕ ವಿಮಾನದಲ್ಲಿ ಅವರೂ ಇದ್ದರು.

ಸಂಶೋಧನಾಲಯದ ಪಕ್ಕದಲ್ಲೇ ಮದ್ರಾಸು ವಿಶ್ವವಿದ್ಯಾಲಯದ ಗಿಂಡಿ ಆವರಣ. ಅಲ್ಲಿನ ಭೌತಶಾಸ್ತ್ರ ವಿಭಾಗ ಕಟ್ಟಲು 1952ರಲ್ಲಿ ಬೆಂಗಳೂರಿನಿಂದ ಬಂದವರು ಜಿ.ಎನ್. ರಾಮಚಂದ್ರನ್. ಸಿ.ವಿ. ರಾಮನ್ನರ ಶಿಷ್ಯ, ಟಾಟಾ ಇನ್‌ಸ್ಟಿಟ್ಯೂಟಿನ ಮೇಷ್ಟ್ರು, ವಯಸ್ಸು ಮೂವತ್ತರ ಆಸುಪಾಸು. ಯಾವ ಸಮಸ್ಯೆ ಹಿಡಿಯುವುದೆಂಬ ಯೋಚನೆಯಲ್ಲಿದ್ದಾಗ, ಮದ್ರಾಸಿಗೆ ಭೇಟಿ ಕೊಟ್ಟ ಜೆ.ಡಿ. ಬರ್ನಾಲ್ ಕೊಲಾಜೆನ್ನಿನ ರಚನೆ ಯಾರಿಗೂ ಸರಿಯಾಗಿ ಬಗೆಹರಿದಿಲ್ಲವೆಂದರು. ಕೊಲಾಜೆನ್ ಬಲ್ಲವರು ಪಕ್ಕದಲ್ಲೇ ಇದ್ದರು. ಅಚ್ಚುಕಟ್ಟಾದ ಎಕ್ಸ್-ರೇ ಚಿತ್ರ ಕೊಟ್ಟದ್ದು ಮಾತ್ರ ಆಂಬೂರಿನ ಎಮ್ಮೆಯಲ್ಲ, ಕಾಂಗರೂ ಬಾಲದ ಸ್ನಾಯುರಜ್ಜು!

ಗೋಪಿನಾಥ ಕರ್ತಾ ಜೊತೆ ಅವರು ಯೋಚಿಸಿದ ದಾರಿ ಸರಳ. ಕೊಲಾಜೆನ್ನಿನ ಅಮೈನೋ ಆಮ್ಲಗಳಲ್ಲಿ ಮೂರರಲ್ಲೊಂದು ಗ್ಲೈಸೀನ್, ಎಲ್ಲಕ್ಕಿಂತ ಪುಟ್ಟದು. ಹಾಗಾದರೆ ಪ್ರತಿ ಮೂರನೆಯ ಜಾಗ ಇಕ್ಕಟ್ಟಾಗಿರಬೇಕು, ಅಲ್ಲಿ ಬೇರೇನೂ ಹಿಡಿಸದು. ಮೂರು ಎಳೆ ಪಕ್ಕಪಕ್ಕ ಸೇರಿದರೆ ಒಳಮೈಯಲ್ಲಿ ಅಂಥ ಇಕ್ಕಟ್ಟು ಬರುತ್ತದೆ. 1954ರ ಆಗಸ್ಟಿನಲ್ಲಿ ‘ನೇಚರ್’ ಪತ್ರಿಕೆ ಇದನ್ನು ಪ್ರಕಟಿಸಿತು. ಮರುವರ್ಷ ಅವರೇ ತಿದ್ದಿದರು: ಮೂರೂ ಎಳೆಗಳು ಒಂದನ್ನೊಂದು ಸುತ್ತಿಕೊಂಡಿವೆ, ನಾರಿನ ಹಗ್ಗ ಹೊಸೆದ ಹಾಗೆ.

ಅದೇ 1955ರಲ್ಲಿ ಕೇಂಬ್ರಿಜ್ಜಿನಿಂದ ಕ್ರಿಕ್ ಮತ್ತು ರಿಚ್ ತಮ್ಮ ಮಾದರಿ ಮುಂದಿಟ್ಟರು. ಹುರಿ ಒಪ್ಪಿದರು, ವಿವರ ಒಪ್ಪಲಿಲ್ಲ. ಮೂರು ಅಮೈನೋ ಆಮ್ಲಕ್ಕೆ ಎರಡು ಹೈಡ್ರೋಜನ್ ಬಂಧ ಎನ್ನುತ್ತದೆ ಮದ್ರಾಸು. ಅಷ್ಟಕ್ಕೆ ಪರಮಾಣುಗಳು ಮೈಗೆ ಮೈ ಉಜ್ಜಬೇಕಾಗುತ್ತದೆ, ಒಂದೇ ಸಾಧ್ಯ ಎಂದರು. ಆ ಎಣಿಕೆಯಲ್ಲಿ ಮುಂದೆ ಗೆದ್ದದ್ದು ಬಹುಮಟ್ಟಿಗೆ ಕ್ರಿಕ್ ಪಕ್ಷವೇ. ನೇರ ಬಂಧ ಒಂದೇ, ಉಳಿದ ಕೆಲಸ ನೀರಿನ ಕಣಗಳದು ಎಂದು 1994ರ ಹರಳು ಚಿತ್ರ ತೋರಿಸಿತು. ಆದರೆ ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಲ್ಲವು ಎಂದು ರಾಮಚಂದ್ರನ್ ಹಟ ಹಿಡಿದು ಲೆಕ್ಕ ಹಾಕಿದ್ದರಿಂದ 1963ರಲ್ಲಿ ಶಶಿಶೇಖರನ್, ರಾಮಕೃಷ್ಣನ್ ಜೊತೆಗಿನ ‘ರಾಮಚಂದ್ರನ್ ನಕ್ಷೆ’ ಹುಟ್ಟಿತು. ಇಂದಿಗೂ ಹೊಸ ಪ್ರೋಟೀನ್ ರಚನೆಯನ್ನು ಆ ನಕ್ಷೆಗೆ ಒಡ್ಡಿಯೇ ಪರೀಕ್ಷಿಸುತ್ತಾರೆ. ವಾದ ಸೋತು ಇಷ್ಟು ಪಡೆದವರು ಕಡಿಮೆ.

ಆಸ್ಪತ್ರೆಗೆ ಇದರಿಂದೇನು? ಗ್ಲೈಸೀನಿನ ಜಾಗದಲ್ಲಿ ಒಂದೇ ಒಂದು ದಪ್ಪ ಅಮೈನೋ ಆಮ್ಲ ಕೂತರೂ ಹುರಿ ಕೆಡುತ್ತದೆ. ಮುಟ್ಟಿದರೆ ಮೂಳೆ ಮುರಿಯುವ ಮಕ್ಕಳ ಕಾಯಿಲೆಗೆ ಅನೇಕ ಸಲ ಕಾರಣ ಅದೇ. ಹುರಿ ಹೊಸೆದ ಮೇಲೆ ದೇಹ ಅದರ ಎರಡೂ ತುದಿ ಕತ್ತರಿಸುತ್ತದೆ, ತುಂಡುಗಳು ರಕ್ತಕ್ಕೆ ಬೀಳುತ್ತವೆ. ಹಳೆಯ ಹುರಿ ಸವೆದಾಗಲೂ ಚೂರು ಬೀಳುತ್ತವೆ. ಈ ಕತ್ತರಿಸಿದ ಚೂರುಗಳನ್ನು ಎಣಿಸುವುದೇ ಕೊಲಾಜೆನ್ ಬಯೋಮಾರ್ಕರ್. ಮೂಳೆ ಸವೆತಕ್ಕೆ ಒಂದು ಚೂರು, ಕಟ್ಟುವಿಕೆಗೆ ಇನ್ನೊಂದು. ಕೂತು ಕೆಲಸ ಮಾಡುವ ನಮ್ಮಂಥವರಲ್ಲಿ ಸಾಮಾನ್ಯವಾದ ಕೊಬ್ಬಿನ ಯಕೃತ್ತು ಗಾಯಗಟ್ಟಿ ಗಡುಸಾಗುತ್ತಿದೆಯೇ ಎನ್ನಲು ಮೂರನೆಯ ಬಗೆಯ ಕೊಲಾಜೆನ್ನಿನ ತುದಿಯನ್ನು ಅಳೆಯುತ್ತಾರೆ. ಸೂಜಿ ಚುಚ್ಚಿ ಯಕೃತ್ತಿನ ಚೂರು ತೆಗೆಯುವುದು ಹಲವರಿಗೆ ಇದರಿಂದ ತಪ್ಪಬಹುದು.

ಔಷಧದ ಗುರಿಯಾಗಿ ಈಗ ಹೆಚ್ಚು ಮಾತು ಆರನೆಯ ಬಗೆಯ ಕೊಲಾಜೆನ್ನಿನದು. ಅದರ ತುದಿಯಿಂದ ಕಳಚುವ ತುಂಡಿಗೆ 2012ರಲ್ಲಿ ಎಂಡೋಟ್ರೋಫಿನ್ ಎಂದು ಹೆಸರಿಟ್ಟರು. ಇದು ಬರೀ ಕಸವಲ್ಲ. ಗಾಯಗಟ್ಟುವುದನ್ನೂ ಗಡ್ಡೆ ಬೆಳೆಯುವುದನ್ನೂ ಪ್ರಚೋದಿಸುತ್ತದೆ. ಹೀಗಾಗಿ ರಕ್ತದಲ್ಲಿ ಅಳೆಯುವುದೂ ಅದನ್ನೇ, ತಡೆಯಬೇಕೆಂದಿರುವುದೂ ಅದನ್ನೇ. ಇಲಿಗಳಲ್ಲಿ ಪ್ರತಿಕಾಯದಿಂದ ಅದನ್ನು ಕಟ್ಟಿಹಾಕಿದಾಗ ಕ್ಯಾನ್ಸರಿನ ಸಿಸ್‌ಪ್ಲಾಟಿನ್ ಔಷಧ ಚೆನ್ನಾಗಿ ಕೆಲಸ ಮಾಡಿತು. ಇಲಿಯಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಔಷಧಗಳ ಸಾಲು ಉದ್ದವಿದೆ. ಎಂಡೋಟ್ರೋಫಿನ್ನಿನ ವಿಷಯದಲ್ಲಿ ಸದ್ಯಕ್ಕೆ ಅಳೆಯುವ ಕೆಲಸ ಮುಂದಿದೆ, ಮದ್ದು ಹಿಂದಿದೆ.